ಡ್ರ್ಯಾಗನ್ ಹುಡುಕಿಕೊಂಡು ಲೈಬ್ರರಿಗೆ

“ತಾತ, ಕನ್ನಡದಲ್ಲಿ ಡ್ರ್ಯಾಗನ್ ಇರೋ ಪುಸ್ತಕ ಇದ್ಯಾ?”

ಹೋದ ವರ್ಷ ಜೂನ್ ತಿಂಗಳ ಒಂದು ಸಂಜೆ ಮೊಮ್ಮಗಳು ಹೀಗೆ ಕೇಳಿದಾಗ ನಾನು ಕರೆಂಟ್ ಬಿಲ್ಲನ್ನು ಹಿಂದಿನ ತಿಂಗಳ ಬಿಲ್ಲಿನ ಜೊತೆ ತಾಳೆ ನೋಡುತ್ತ ಕೂತಿದ್ದೆ. ಪುಟ್ಟಿ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಮಗಳು ಕೆಲಸದ ಮೇಲೆ ಒಂದು ವರ್ಷ ಪುಣೆಗೆ ಹೋಗಬೇಕಾಗಿ ಬಂದದ್ದರಿಂದ, ಬೆಂಗಳೂರಿನ ಶಾಲೆ ಬಿಡಿಸಿ ಮೈಸೂರಿನಲ್ಲಿ ಏಳನೇ ತರಗತಿಗೆ ಸೇರಿಸಿದ್ದರು. ಆ ಮೂರು ವಾರದಲ್ಲಿ ಅವಳು ನನ್ನೊಡನೆ ಆಡಿದ ಮಾತನ್ನೆಲ್ಲ ಒಂದು ಚಲನ್ ಹಿಂಬದಿಯಲ್ಲಿ ಬರೆದುಬಿಡಬಹುದಿತ್ತು. “ಹೂಂ”, “ಸಾಕು”, “ಗೊತ್ತಿಲ್ಲ”, “ಅಮ್ಮ ಫೋನ್ ಮಾಡಿದ್ಲಾ?” ಇಷ್ಟೇ.

ನನ್ನಾಕೆ ಇದ್ದಿದ್ದರೆ ಬೇರೆ ಮಾತು. ಅವಳು ಹೋಗಿ ಆಗಲೇ ಮೂರು ವರ್ಷ. ಮಕ್ಕಳನ್ನು ಮಾತಾಡಿಸುವ ಕೆಲಸವನ್ನು ಇಡೀ ಸಂಸಾರದಲ್ಲಿ ಅವಳಿಗೇ ಬಿಟ್ಟುಕೊಟ್ಟಿದ್ದೆ. ನಾನು ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಸಾವಿರಾರು ಜನರೊಡನೆ ಮಾತಾಡಿದವನೇ. ಆದರೆ ಆ ಮಾತೆಲ್ಲ “ಇಲ್ಲಿ ಸಹಿ ಹಾಕಿ”, “ನಾಳೆ ಬನ್ನಿ” ಎಂಬ ಜಾತಿಯದು. ಹನ್ನೆರಡು ವರ್ಷದ ಹುಡುಗಿಯ ಮುಂದೆ ಅದು ನಡೆಯುವುದಿಲ್ಲ.

ಅಂಥದರಲ್ಲಿ ಒಂದು ಪೂರ್ತಿ ವಾಕ್ಯ, ಅದೂ ಪ್ರಶ್ನೆ! “ಇಲ್ಲ” ಎಂದು ಹೇಳಿಬಿಟ್ಟರೆ ಮತ್ತೆ ಮೂರು ವಾರ “ಹೂಂ” ಎಂದೇ ಕಳೆಯಬೇಕಾದೀತು ಎಂದು ಹೆದರಿ, “ಇಲ್ದೆ ಏನು? ಶನಿವಾರ ಲೈಬ್ರರಿಗೆ ಹೋಗೋಣ” ಎಂದುಬಿಟ್ಟೆ. ಆಮೇಲೆ ಯೋಚನೆ ಹತ್ತಿತು. ಕನ್ನಡದಲ್ಲಿ ಡ್ರ್ಯಾಗನ್ ಇದೆಯೋ ಇಲ್ಲವೋ ನನಗೇನು ಗೊತ್ತು? ನಾನು ಓದಿದ್ದು ಬಿ.ಕಾಂ.

ಪೂರ್ತಿ ಗೊತ್ತಿಲ್ಲದವನು ಎಂದೂ ಅಲ್ಲ ಅನ್ನಿ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ರೈಲ್ವೆ ಜಂಕ್ಷನ್ನಿನ ಪುಸ್ತಕದಂಗಡಿಗೆ ‘ಚಂದಮಾಮ’ ಬರುತ್ತಿತ್ತು. ಬೇತಾಳ ಹೆಗಲೇರಿದ ಚಿತ್ರ ನಿಮ್ಮ ಅಜ್ಜ ಅಜ್ಜಿಯರಿಗೆಲ್ಲ ನೆನಪಿರುತ್ತದೆ, ಕೇಳಿ ನೋಡಿ. ಆದರೆ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದದ್ದು ಬೇತಾಳನಿಗಲ್ಲ, ಅದರಲ್ಲಿ ತಿಂಗಳು ತಿಂಗಳು ಬರುತ್ತಿದ್ದ ಮಾಂತ್ರಿಕರ ಧಾರಾವಾಹಿಗೆ. ಒಂಟಿಕಣ್ಣಿನ ರಾಕ್ಷಸರು, ಪಾಳುಬಿದ್ದ ಕೋಟೆಗಳು, ದೋಣಿ ನುಂಗುವ ಮೊಸಳೆಗಳು! ಇಂಥ ಧಾರಾವಾಹಿಗಳನ್ನು ಬರೆಯುತ್ತಿದ್ದವರು ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಆಗ ಕತೆ ಬರೆಯುವುದಕ್ಕೆ ಒಬ್ಬ ಮನುಷ್ಯ ಬೇಕು ಎಂದೇ ನನಗೆ ಹೊಳೆದಿರಲಿಲ್ಲ. ರೈಲಿನಲ್ಲಿ ಬರುತ್ತದೆ ಎಂದಷ್ಟೇ ಗೊತ್ತಿತ್ತು.

1963ರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಇಪ್ಪತ್ತೆಂಟು ಬಂತು. ನಮ್ಮ ತಂದೆ ಏನೂ ಬೈಯಲಿಲ್ಲ. ನನ್ನ ಹತ್ತಿರವಿದ್ದ ಚಂದಮಾಮಗಳನ್ನೆಲ್ಲ ಎತ್ತಿಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದರು. ಅವತ್ತು ಆ ನೀರಿನಲ್ಲೇ ಸ್ನಾನ ಮಾಡಿದೆ. ಧಾರಾವಾಹಿಯ ಹುಡುಗ ಸುರಂಗದೊಳಗೆ ಇಳಿದಿದ್ದ, ಮೇಲೆ ಬಂಡೆ ಮುಚ್ಚಿಕೊಂಡಿತ್ತು. ಅವನು ಹೊರಗೆ ಬಂದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಣಿತದಲ್ಲಿ ಮಾತ್ರ ಮುಂದೆ ಒಳ್ಳೆಯ ಅಂಕ ಬಂತು, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ತಂದೆ ಮಾಡಿದ್ದು ತಪ್ಪು ಎಂದು ಹೇಳುವ ಹಾಗೂ ಇಲ್ಲ, ಸರಿ ಎನ್ನಲು ಬಾಯಿ ಬರುವುದೂ ಇಲ್ಲ. ಬ್ಯಾಂಕಿನಲ್ಲಿ ಯಾವ ಲೆಕ್ಕಕ್ಕೂ ಕೂಡದ ಹಣ ಬಂದರೆ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುತ್ತಿದ್ದೆವು, ಮುಂದೆಂದಾದರೂ ಯಾರದೆಂದು ಗೊತ್ತಾದೀತು ಅಂತ. ಆ ಹುಡುಗ ಅರವತ್ತು ವರ್ಷದಿಂದ ಅದೇ ಖಾತೆಯಲ್ಲಿದ್ದಾನೆ.

ಶನಿವಾರ ಬಂತು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ದಿನಾ ಬೆಳಗ್ಗೆ ಅಲ್ಲಿಗೆ ಹೋಗುವವನೇ, ಆದರೆ ಪೇಪರ್ ಓದುವ ಕೋಣೆಯ ತನಕ ಮಾತ್ರ. ಒಳಗಿನ ಪುಸ್ತಕದ ಕಪಾಟುಗಳ ಕಡೆಗೆ ಕಾಲಿಟ್ಟವನಲ್ಲ. ಇದು ನಾಚಿಕೆಯ ಮಾತು, ಏಕೆಂದರೆ ಅದಕ್ಕೆ ನಾನು ದುಡ್ಡು ಕೊಡುತ್ತಿದ್ದೇನೆ. ನೀವೂ ಕೊಡುತ್ತಿದ್ದೀರಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಇರುತ್ತದೆ. 1965ರಲ್ಲಿ ಆದ ಗ್ರಂಥಾಲಯ ಕಾಯ್ದೆಯ ಕೃಪೆ ಅದು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ವಸೂಲು ಮಾಡುತ್ತಾರೆ. ವರ್ಷವರ್ಷವೂ ಕಂತು ಕಟ್ಟಿ ಒಮ್ಮೆಯೂ ಪಾಸ್‌ಬುಕ್ ತೆರೆದು ನೋಡದ ಗಿರಾಕಿಗಳನ್ನು ಕಂಡು ನಾನು ನಗುತ್ತಿದ್ದೆ. ಈಗ ನಾನೇ ಅಂಥವನಾಗಿದ್ದೆ.

ಮೊದಲ ದಿನ ನಮ್ಮ ಭೇಟಿ ಪೂರ್ತಿ ಸೋತಿತು. “ಫ್ಯಾಂಟಸಿ ಪುಸ್ತಕಗಳು ಎಲ್ಲಿವೆ?” ಎಂದು ಕೇಳಿದೆ. ಅಲ್ಲಿದ್ದ ಹುಡುಗ “ಅಂಥದ್ದು ಸೆಕ್ಷನ್ ಇಲ್ಲ ಸಾರ್” ಎಂದ. ಅವನು ಹೇಳಿದ್ದು ನಿಜವೇ. ಇಂಗ್ಲಿಷ್ ಕಪಾಟಿನಲ್ಲಿ ಹ್ಯಾರಿ ಪಾಟರ್‌ನ ಮೂರನೆಯದೂ ಐದನೆಯದೂ ಇದ್ದವು, ಪುಟ್ಟಿ ಅವನ್ನು ಎಂದೋ ಓದಿ ಮುಗಿಸಿದ್ದಳು. ಕನ್ನಡ ಮಕ್ಕಳ ವಿಭಾಗದ ತೆಳು ಪುಸ್ತಕಗಳನ್ನು ನೋಡಿ “ಇದು ಚಿಕ್ಕ ಮಕ್ಕಳಿಗೆ” ಎಂದು ಮುಖ ಸಿಂಡರಿಸಿದಳು. ಮನೆಗೆ ಬರುವಾಗ ಮತ್ತೆ “ಹೂಂ” ಶುರುವಾಯಿತು.

ಎರಡನೇ ಶನಿವಾರ ಗ್ರಂಥಪಾಲಕಿ ಸ್ವತಃ ಇದ್ದರು. ನಾನು ಬಾಯಿ ತೆರೆಯುವ ಮೊದಲೇ, ಅವರು ನನ್ನನ್ನು ಬಿಟ್ಟು ಪುಟ್ಟಿಯನ್ನು ಮಾತಾಡಿಸಿದರು. “ಪುಸ್ತಕದ ಹೆಸರು ಬೇಡ ಮರಿ. ಕತೆಯಲ್ಲಿ ಏನಿರಬೇಕು ಹೇಳು.” ಪುಟ್ಟಿ ಸ್ವಲ್ಪ ಹೊತ್ತು ಚಪ್ಪಲಿ ನೋಡುತ್ತ ನಿಂತಳು. ಆಮೇಲೆ, “ಇಲ್ಲಿ ಇರೋದೇ, ಆದ್ರೆ ಬೇರೆ ಥರ ಇರ್ಬೇಕು. ಬಾಗಿಲು ತೆಗೆದ್ರೆ ಇನ್ನೊಂದು ಊರಿಗೆ ಹೋಗೋ ಥರ” ಎಂದಳು. ಮೂರು ವಾರದಿಂದ ಅವಳು ಏನು ಯೋಚಿಸುತ್ತಿದ್ದಳೆಂದು ನನಗೆ ಆಗ ಅರ್ಥವಾಯಿತು.

“ಅದು ನಮ್ಮಲ್ಲಿ ಒಂದೇ ಕಪಾಟಿನಲ್ಲಿ ಇಲ್ಲ, ಎಲ್ಲ ಕಡೆ ಚೆಲ್ಲಿಹೋಗಿದೆ, ಬಾ” ಎಂದು ಆಕೆ ಎದ್ದರು. ನಾನೂ ಹಿಂದೆಯೇ ಹೋದೆ.

ಮೊದಲು ನಿಂತದ್ದು ಜಾನಪದದ ಮುಂದೆ. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿರುವ ಕಡೆ ಜನಪದ ಕತೆಗಳಿಗೆ 398.2 ಎಂಬ ಅಂಕಿ ಇರುತ್ತದೆ. ಮಕ್ಕಳೇ, ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಲೋಕದ ಯಾವ ಊರಿನ ಇಂಥ ಲೈಬ್ರರಿಗೆ ಹೋದರೂ ರಾಕ್ಷಸರು ಎಲ್ಲಿದ್ದಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಅಲ್ಲಿ ಪುಟ್ಟಿಗೆ ಸಿಕ್ಕಿದ್ದು ಹೂಮರವಾಗುವ ಹುಡುಗಿಯ ಕತೆ. ಒಂದು ಕೊಡ ನೀರು ಹೊಯ್ದರೆ ಹುಡುಗಿ ಹೂ ಬಿಡುವ ಮರವಾಗುತ್ತಾಳೆ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಹೂ ಕೀಳುವಾಗ ಉಗುರು ತಾಕಬಾರದು, ಚಿಗುರು ಮುರಿಯಬಾರದು. ಮುರಿದರೆ ಏನಾಗುತ್ತದೆ ಎಂಬುದೇ ಕತೆ. ನಮ್ಮ ಕನ್ನಡನಾಡಿನ ಹೆಂಗಸರು ಹೇಳುತ್ತಿದ್ದ ಈ ಕತೆಯನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅದನ್ನು ಓದಿ ಅಮೆರಿಕದ ಜಾನ್ ಆಡಮ್ಸ್ ಎಂಬ ಸಂಗೀತಗಾರರು 2006ರಲ್ಲಿ ಒಪೆರಾ ಮಾಡಿದರು. ಪುಟ್ಟಿ ಅದನ್ನು ನಿಂತಲ್ಲೇ ಓದಿ ಮುಗಿಸಿದಳು. ಮುಖ ಸಿಂಡರಿಸಲಿಲ್ಲ.

ಆಮೇಲೆ ಆ ಮೇಡಂ ನಮಗೆ ಕೆಲವು ಗುಟ್ಟುಗಳನ್ನು ಹೇಳಿಕೊಟ್ಟರು. ಕಪಾಟು ನೋಡುವ ಮೊದಲು ಮೇಜಿನ ಮೇಲೆ ವಾಪಸು ಬಂದ ಪುಸ್ತಕಗಳ ರಾಶಿ ನೋಡಬೇಕಂತೆ, ಜನ ನಿಜವಾಗಿ ಓದುವುದು ಅಲ್ಲಿರುತ್ತದೆ. ಹಿಂಬದಿ ಅಂಟಿಸಿದ ದಿನಾಂಕದ ಚೀಟಿ ತಿರುಗಿಸಿ ನೋಡಬೇಕು. ಮೊಹರುಗಳು ಒತ್ತಾಗಿ ಬಿದ್ದಿದ್ದರೆ ಆ ಪುಸ್ತಕ ಕೈಯಿಂದ ಕೈಗೆ ಓಡಿದೆ ಎಂದು ಅರ್ಥ, ರಕ್ಷಾಪುಟ ಎಷ್ಟೇ ಹರಿದಿರಲಿ. “ರಟ್ಟು ನೋಡಿ ತಗೋಬೇಡ, ನಡುವಿನ ಒಂದು ಪುಟ ಓದು. ಅಲ್ಲಿಂದ ಹಿಂದಕ್ಕೆ ಹೋಗ್ಬೇಕು ಅನ್ನಿಸಿದ್ರೆ ತಗೋ” ಎಂದರು. ಈ ಕೊನೆಯದು ನನಗೆ ತುಂಬ ಹಿಡಿಸಿತು. ಸಾಲಕ್ಕೆ ಬಂದವರ ಬ್ಯಾಲೆನ್ಸ್ ಶೀಟನ್ನು ನಮ್ಮ ಹಳೆಯ ಮ್ಯಾನೇಜರು ನಡುವಿನಿಂದಲೇ ಓದುತ್ತಿದ್ದರು. ಹೊಸ ಪುಸ್ತಕ ಬೇಕಿದ್ದರೆ ಸಲಹಾ ಪುಸ್ತಕದಲ್ಲಿ ಬರೆಯಿರಿ ಎಂದೂ ಹೇಳಿದರು. ಪುಟ್ಟಿ ಅವತ್ತು ಬರೆದ ಎರಡು ಹೆಸರುಗಳಲ್ಲಿ ಒಂದು ಏಳು ತಿಂಗಳ ಮೇಲೆ ಬಂತು, ಇನ್ನೊಂದು ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದೇ ನನ್ನ ಅಂದಾಜು.

ಇಲ್ಲಿ ಒಂದು ಮಾತು. ಎಸ್. ಆರ್. ರಂಗನಾಥನ್ ಎಂಬವರ ಹೆಸರು ಕೇಳಿದ್ದೀರಾ? ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಇನ್ನೊಂದು. ಎರಡೂ ಒಂದೇ ಅಲ್ಲವೇ ಎಂದುಕೊಂಡಿದ್ದೆ ನಾನು. ಜಮೆಯೂ ಖರ್ಚೂ ಒಂದೇ ಮೊತ್ತವಾದರೂ ಬೇರೆ ಬೇರೆ ಕಡೆ ಬರೆಯುವುದಿಲ್ಲವೇ, ಹಾಗೆ ಇದು. ಕಾದು ಕೂತಿರುವುದು ಓದುಗ ಮಾತ್ರ ಅಲ್ಲ, ಪುಸ್ತಕವೂ.

ಅಂತೂ ಶನಿವಾರಗಳು ರೂಢಿಯಾದವು. ಪುಟ್ಟಿಗೆ ಇಂಗ್ಲಿಷ್ ಕಪಾಟಿನ ಮೂಲೆಯಲ್ಲಿ ಅರ್ಸುಲಾ ಲೆ ಗುಯಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಸಿಕ್ಕಿತು, 1968ರ ಪುಸ್ತಕ. ಅದರಲ್ಲಿ ಡ್ರ್ಯಾಗನ್ನೂ ಇದೆ. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ, ಅದು ತಿಳಿದವನಿಗೆ ಅದರ ಮೇಲೆ ಅಧಿಕಾರ. ಆದ್ದರಿಂದ ಯಾರೂ ನಿಜವಾದ ಹೆಸರನ್ನು ಸುಲಭವಾಗಿ ಬಾಯಿ ಬಿಡುವುದಿಲ್ಲ. “ಇದೇನು ದೊಡ್ಡ ವಿಷಯ, ನಮ್ಮಜ್ಜಿ ಸಾಯೋ ತನಕ ನಮ್ಮ ತಾತನ ಹೆಸರು ಹೇಳಲಿಲ್ಲ” ಎಂದೆ. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು.

ಕನ್ನಡದ ಡ್ರ್ಯಾಗನ್ ಮಾತ್ರ ಬಾಕಿ ಉಳಿದಿತ್ತು. ನಾನೂ ಹಟ ಬಿಡಲಿಲ್ಲ. ಬಾಣಭಟ್ಟನ ಕತೆಯನ್ನು ನಾಗವರ್ಮ ಕನ್ನಡಕ್ಕೆ ತಂದ ‘ಕರ್ಣಾಟಕ ಕಾದಂಬರಿ’ಯ ಗದ್ಯಾನುವಾದ ತಂದು, ರಾಜಸಭೆಗೆ ಬಂದ ಗಿಳಿ ತನ್ನ ಕತೆ ಹೇಳುವ ಭಾಗ ಓದಿ ಹೇಳಿದೆ. ಹಿಂದಿನ ಜನ್ಮ, ಅದರ ಹಿಂದಿನ ಜನ್ಮ ಎಂದು ಬಂದಾಗ ನನಗೇ ಲೆಕ್ಕ ತಪ್ಪಿತು. ದೇವುಡು ಅವರ ‘ಮಹಾಬ್ರಾಹ್ಮಣ’ ತೆಗೆದುಕೊಂಡೆವು. ವಿಶ್ವಾಮಿತ್ರ, ತ್ರಿಶಂಕು ಎಲ್ಲ ಬರುತ್ತಾರೆ, ಭಾಷೆ ಅವಳಿಗೆ ಭಾರವಾಯಿತು, ಅರ್ಧಕ್ಕೆ ಹಿಂದಿರುಗಿಸಿದೆವು. ಹಿಡಿಸದ ಪುಸ್ತಕವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಬಹುದಾದ ಸಾಲ ಇದೊಂದೇ.

ಜುಲೈ ಕೊನೆಯ ವಾರ, ಜಿಟಿಜಿಟಿ ಮಳೆ. ಮೇಡಂ ಒಂದು ಸಣ್ಣ ಪುಸ್ತಕ ತಂದು ಪುಟ್ಟಿಯ ಕೈಗಿಟ್ಟು, “ಇದರಲ್ಲಿ ನಿನ್ನ ಡ್ರ್ಯಾಗನ್ ಇದೆ, ನೋಡು” ಎಂದರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ, ಹೆಸರು ನಾನೂ ಕೇಳಿದ್ದೆ. “ಇದು ಫ್ಯಾಂಟಸಿ ಅಲ್ವಲ್ಲ ಮೇಡಂ” ಎಂದೆ. “ನೀವು ಓದಿದ್ದೀರಾ ಸಾರ್?” ಎಂದರು. ಇಲ್ಲ ಎಂದೆ. “ಓದಿ ಹೇಳಿ” ಎಂದರು.

ಮನೆಗೆ ಬಂದು ಅಭ್ಯಾಸದಂತೆ ಹಿಂಬದಿಯ ಚೀಟಿ ತಿರುಗಿಸಿದೆ. ಹಳೆಯ ಚೀಟಿ ತುಂಬಿಹೋಗಿ ಅದರ ಮೇಲೆ ಇನ್ನೊಂದು ಅಂಟಿಸಿದ್ದರು. ಹಳೆಯದರಲ್ಲಿ ಮೊಹರಿನ ಪಕ್ಕ ಸದಸ್ಯತ್ವದ ನಂಬರನ್ನು ಪೆನ್ನಿನಲ್ಲಿ ಬರೆಯುತ್ತಿದ್ದ ಕಾಲ. ಜುಲೈ 1993, 1147. ಕೆಳಗೆ ಜುಲೈ 1996, ಮತ್ತೆ 1147. ಇನ್ನೂ ಕೆಳಗೆ ಆಗಸ್ಟ್ 2001, ಅದೇ ನಂಬರು.

ಮುಖ ಮರೆತರೂ ಖಾತೆ ನಂಬರು ಮರೆಯದ ರೋಗ ನಮ್ಮ ಕಸುಬಿನವರಿಗೆ. 1147 ನನ್ನಾಕೆಯ ನಂಬರು. 1989ರಲ್ಲಿ ಮೈಸೂರಿಗೆ ವರ್ಗವಾಗಿ ಬಂದಾಗ ಆ ಅರ್ಜಿ ತುಂಬಿ ಜಾಮೀನಿಗೆ ಸಹಿ ಹಾಕಿದವನು ನಾನೇ. ಅವಳು ಮಧ್ಯಾಹ್ನ ಲೈಬ್ರರಿಗೆ ಹೋಗುತ್ತಿದ್ದದ್ದು ಗೊತ್ತಿತ್ತು. ಏನು ಓದುತ್ತಿದ್ದೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ಸಂಜೆ ಆರೂವರೆಗೆ ಬ್ಯಾಂಕಿನಿಂದ ಬಂದು ಕಾಫಿ ಕುಡಿದು ಪೇಪರು ಹಿಡಿಯುತ್ತಿದ್ದೆ.

ಆ ರಾತ್ರಿ ಪುಟ್ಟಿ ಮಲಗಿದ ಮೇಲೆ ಪುಸ್ತಕ ತೆರೆದೆ. ಜೇನು ಕೊಳ್ಳಲು ಹೋದ ಕತೆಗಾರನಿಗೆ ಮಂದಣ್ಣ ಸಿಗುತ್ತಾನೆ, ಮುಂದೆ ವಿಜ್ಞಾನಿ ಕರ್ವಾಲೊ, ಕಿವಿ ಎಂಬ ನಾಯಿ. ಎಲ್ಲರೂ ಸೇರಿ ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಮಳೆ, ಆ ಇಳಿಜಾರು, ಗದ್ದೆ, ಮುಗಿಯದ ಹಸುರು! ಬಯಲುಸೀಮೆಯ ಅರಸೀಕೆರೆಯವನಾದ ನನಗೆ ಅದೊಂದು ಮಾಯಾಲೋಕವೇ. ಬಾಗಿಲು ತೆಗೆದರೆ ಇನ್ನೊಂದು ಊರು. ಓದುತ್ತ ಓದುತ್ತ ಥಟ್ಟನೆ ನೆನಪಾಯಿತು. ನನ್ನಾಕೆ ಮೂಡಿಗೆರೆ ಕಡೆಯವಳು. ಇದು ಅವಳಿಗೆ ಮಾಯಾಲೋಕ ಆಗಿರಲಿಲ್ಲ, ತವರು. ಪ್ರತಿ ಸಲವೂ ಮಳೆಗಾಲದಲ್ಲೇ ತಂದು ಓದಿದ್ದಾಳೆ. ಮಳೆಗಾಲದಲ್ಲಿ ಊರಿಗೆ ಹೋಗಿ ಬರೋಣ ಎಂದು ಅವಳು ಕೇಳುತ್ತಿದ್ದದ್ದೂ, ಜೂನ್ ಮುಗಿದು ತ್ರೈಮಾಸಿಕ ಲೆಕ್ಕ ಇದೆ, ರಜೆ ಸಿಗುವುದಿಲ್ಲ ಎಂದು ನಾನು ಹೇಳುತ್ತಿದ್ದದ್ದೂ ನೆನಪಿದೆ. ಆ ವರ್ಷಗಳು ಯಾವುವು ಎಂದು ನಾನು ಬರೆದಿಟ್ಟುಕೊಂಡಿರಲಿಲ್ಲ. ಲೈಬ್ರರಿಯವರು ಬರೆದಿಟ್ಟಿದ್ದರು.

ಮರುದಿನ ಪುಟ್ಟಿಗೆ ಚೀಟಿ ತೋರಿಸಿದೆ. ಅವಳು ಆ ನಂಬರುಗಳ ಮೇಲೆ ಬೆರಳಾಡಿಸಿ, “ಅಜ್ಜಿ ಮೂರು ಸಲ ಓದಿದ್ಲಾ? ಹಾಗಾದ್ರೆ ಚೆನ್ನಾಗಿರುತ್ತೆ” ಎಂದಳು, ಅಷ್ಟೇ. ಆಮೇಲೆ ದಿನಾ ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದಿದ್ದು ಅವಳೇ. ನನಗೆ ಆ ತಿಂಗಳು ಎಡಗಣ್ಣಿನ ಪೊರೆ ತೆಗೆಸಿದ್ದರು, ಕಣ್ಣಿಗೆ ದಣಿವು ಬೇಡ ಎಂದಿದ್ದರು. ಮೊದಮೊದಲು ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದಳು. ಹತ್ತನೇ ದಿನದ ಹೊತ್ತಿಗೆ ಮಂದಣ್ಣನ ದನಿಯನ್ನೇ ಮಾಡುತ್ತಿದ್ದಳು.

ಓತಿಯ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಹಾರುವ ಓತಿಕ್ಯಾತ ಅಂದರೆ ಕಲ್ಪನೆಯೇ ಇರಬೇಕು ಎಂದು ನಾನು. ಇಲ್ಲ, ನಿಜವಾಗಿ ಇದೆ ಎಂದು ಅವಳು. ಮತ್ತೆ ಶನಿವಾರ ಲೈಬ್ರರಿಗೆ ಹೋಗಿ ಪರಾಮರ್ಶನ ವಿಭಾಗದ ಪ್ರಾಣಿಗಳ ಪುಸ್ತಕ ತೆರೆದೆವು. ನಮ್ಮ ಪಶ್ಚಿಮಘಟ್ಟದಲ್ಲಿ ಹಾರುವ ಓತಿ ಇದೆ. ಪಕ್ಕೆಲುಬುಗಳ ನಡುವಿನ ಚರ್ಮವನ್ನು ಛತ್ರಿಯ ಹಾಗೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ, ಇರುವೆ ತಿಂದು ಬದುಕುತ್ತದೆ. ಅದರ ಶಾಸ್ತ್ರೀಯ ಹೆಸರು ಓದಿ ಪುಟ್ಟಿ ಕಿರುಚಿದ್ದಕ್ಕೆ ಇಡೀ ಪೇಪರ್ ಕೋಣೆ ತಿರುಗಿ ನೋಡಿತು.

“ತಾತ! ಡ್ರೇಕೊ! ಡ್ರೇಕೊ ಡುಸ್ಸುಮಿಯೆರಿ! ಡ್ರೇಕೊ ಅಂದ್ರೆ ಲ್ಯಾಟಿನ್‌ನಲ್ಲಿ ಡ್ರ್ಯಾಗನ್. ಹ್ಯಾರಿ ಪಾಟರ್‌ನಲ್ಲಿ ಡ್ರೇಕೊ ಮಾಲ್ಫಾಯ್ ಇಲ್ವಾ?”

ಮೇಡಂ ತಮ್ಮ ಮೇಜಿನಿಂದ ತಲೆ ಎತ್ತಿ ನೋಡಿದರು. ಬೈಯಲಿಲ್ಲ. ಅಷ್ಟು ಹೊತ್ತಿಗೆ ಮೊದಲ ದಿನದ ಆ ಹುಡುಗನೂ, ಪೇಪರ್ ಓದುತ್ತಿದ್ದ ಇಬ್ಬರು ನಿವೃತ್ತರೂ ನಮ್ಮ ಪುಸ್ತಕದ ಮೇಲೆ ಬಗ್ಗಿದ್ದರು. ಒಬ್ಬರಂತೂ ಕೊಪ್ಪದ ತಮ್ಮ ಅಡಕೆ ತೋಟದಲ್ಲಿ ಚಿಕ್ಕಂದಿನಲ್ಲಿ ಅದನ್ನು ಕಂಡಿದ್ದೆ, ಗಂಟಲ ಕೆಳಗೆ ಹಳದಿ ಬಾವುಟದ ಹಾಗೆ ಆಡಿಸುತ್ತಿತ್ತು ಎಂದು ಸಾಧಿಸಿದರು. ಕಾದಂಬರಿಯಲ್ಲಿ ಕೊನೆಗೆ ಆ ಓತಿ ಏನಾಯಿತು ಎಂದು ನಾನು ಹೇಳುವುದಿಲ್ಲ, ನೀವೇ ತಂದು ಓದಿಕೊಳ್ಳಿ.

ನಮಗೆ ಕೊಟ್ಟ ಅವಧಿ ಹದಿನೈದು ದಿನ. ಪುಣೆಯಲ್ಲಿರುವ ಅಮ್ಮನಿಗೆ ಕೊನೆಯ ಅಧ್ಯಾಯ ಫೋನಿನಲ್ಲಿ ಓದಿ ಹೇಳಬೇಕು ಎಂದು ಪುಟ್ಟಿ ಹಟ ಹಿಡಿದದ್ದರಿಂದ ಎರಡು ದಿನ ತಡವಾಯಿತು. ಜೀವಮಾನದಲ್ಲಿ ಒಂದು ಕಂತೂ ತಪ್ಪಿಸದ ನಾನು ನಾಲ್ಕು ರೂಪಾಯಿ ದಂಡ ಕಟ್ಟಿದೆ. ಈಗ ಎಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಚೀಟಿಯ ಮೇಲೆ ಯಾರೂ ನಂಬರು ಬರೆಯುವುದಿಲ್ಲ. ಆದರೂ ಮೇಡಂ ಅವರನ್ನು ಕೇಳಿಕೊಂಡೆ. ಅವರು ಮೇಲೆ ಅಂಟಿಸಿದ ಹೊಸ ಚೀಟಿಯನ್ನು ಮೆಲ್ಲಗೆ ಸರಿಸಿ, ಹಳೆಯದರ ತಳದಲ್ಲಿ ಉಳಿದಿದ್ದ ಒಂದಿಷ್ಟು ಜಾಗದಲ್ಲಿ ಮೊಹರು ಒತ್ತಿ, ಪುಟ್ಟಿಯ ಕೈಗೆ ಪೆನ್ನು ಕೊಟ್ಟರು. ಅವಳು ತನ್ನ ನಂಬರು ಬರೆದಳು.

ದಂಡಕ್ಕೆ ರಸೀದಿ ಕೇಳಿದೆ. ನಾಲ್ಕು ರೂಪಾಯಿಗೆ ರಸೀದಿಯೇ ಸಾರ್ ಎಂದು ನಗುತ್ತಲೇ ಬರೆದುಕೊಟ್ಟರು. ಅದೀಗ ನನ್ನ ಹತ್ತಿರ ಇಲ್ಲ. ಪುಟ್ಟಿ ಅದನ್ನು ಪುಸ್ತಕದ ನಡುವೆ ಗುರುತಿಗೆ ಇಟ್ಟುಕೊಂಡು ಓದುತ್ತಿದ್ದಾಳೆ.